ಹತ್ತನೆಯ ದಿನದ ಹಸಿವಿನಿಂದ ಕಟ್ಟಿದ ಊರು: ನರಕದ ಒಂದು ಮಾದರಿಯ ಕೆಲಸದ ದಾಖಲೆ

ನಾನು ಬರೆಯುತ್ತಿರುವ ಕರಾಳ ಫ್ಯಾಂಟಸಿ ಕಾದಂಬರಿಯ ಕಥೆ ಪೂರ್ತಿಯಾಗಿ ನರಕದೊಳಗಿನ ಒಂದೇ ಊರಿನಲ್ಲಿ ನಡೆಯುತ್ತದೆ. ಧರ್ಮರಾಜನ ಪಟ್ಟಣದ ದಕ್ಷಿಣ ಬಾಗಿಲಿನ ಹೊರಗೆ ಬೆಳೆದಿರುವ ಆ ಊರಿಗೆ ಕೆಳಪೇಟೆ ಎಂದು ಹೆಸರಿಟ್ಟಿದ್ದೇನೆ. ಅದನ್ನು ಬರಹದಲ್ಲಿ ವರ್ಣಿಸುವ ಮೊದಲು ಬೀದರಿನ ನನ್ನ ಮನೆಯ ಮಾಳಿಗೆಯ ಕೋಣೆಯಲ್ಲಿ ಪ್ಲೈವುಡ್, ಸುಣ್ಣ, ಕೆಂಪುಕಲ್ಲಿನ ಪುಡಿ ಬಳಸಿ ಮಾದರಿಯಾಗಿ ಕಟ್ಟುತ್ತಿದ್ದೇನೆ. ನೀರು ಎಲ್ಲಿಂದ ಬರುತ್ತದೆ, ಹೊಗೆ ಎಲ್ಲಿಗೆ ಹೋಗುತ್ತದೆ, ಯಾರ ಮನೆಯ ಬಾಗಿಲು ಯಾರ ಮನೆಗೆ ಎದುರಾಗಿದೆ ಎಂಬುದನ್ನು ಕಣ್ಣಾರೆ ನೋಡದೆ ಇಂಥ ಲೋಕದ ಬಗ್ಗೆ ಒಂದು ಪುಟವನ್ನೂ ನಂಬಿಕೆಯಿಂದ ಬರೆಯಲಾಗದು ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಥೆಗಳಲ್ಲಿ ನರಕವೆಂದರೆ ಕಾದ ಎಣ್ಣೆಯ ಕೊಪ್ಪರಿಗೆ, ಪಾಶ ಹಿಡಿದ ದೂತರು, ಆರ್ತನಾದ. ಅಷ್ಟಕ್ಕೆ ಚಿತ್ರ ಮುಗಿಯುತ್ತದೆ. ಕೊಪ್ಪರಿಗೆಯ ಕೆಳಗೆ ಸೌದೆ ಒಟ್ಟುವವರು ಯಾರು, ಆ ಎಣ್ಣೆ ಯಾವ ಗಾಣದ್ದು, ಪಾಳಿ ಮುಗಿಸಿದ ದೂತನು ಎಲ್ಲಿಗೆ ಹೋಗಿ ಮಲಗುತ್ತಾನೆ ಎಂಬ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಆದರೆ ಹಳೆಯ ಗ್ರಂಥಗಳು ಇವುಗಳಿಗೆ ಅವಕಾಶವನ್ನು ಧಾರಾಳವಾಗಿ ಬಿಟ್ಟಿವೆ. ಗರುಡಪುರಾಣದ ಸಾರೋದ್ಧಾರದಲ್ಲಿ ಪ್ರೇತದ ದೇಹವು ಹತ್ತು ದಿನಗಳ ಪಿಂಡದಿಂದ ಭಾಗಭಾಗವಾಗಿ ಮೂಡುವ ಕ್ರಮವಿದೆ: ಮೊದಲ ದಿನ ತಲೆ, ಎರಡನೆಯ ದಿನ ಕುತ್ತಿಗೆ ಮತ್ತು ಭುಜ, ಮೂರನೆಯ ದಿನ ಹೃದಯ, ಹೀಗೆ ಇಳಿಯುತ್ತ ಒಂಬತ್ತನೆಯ ದಿನ ಪಾದಗಳು. ಹತ್ತನೆಯ ದಿನ ಮೂಡುವುದು ಹಸಿವು ಮತ್ತು ಬಾಯಾರಿಕೆ. ದೇಹ ಸಿದ್ಧವಾದ ಮೇಲೆ ಕಟ್ಟಕಡೆಗೆ ಸೇರಿಕೊಳ್ಳುವ ಈ ಎರಡರಿಂದಲೇ ನಾನು ಊರನ್ನು ಕಟ್ಟಲು ತೊಡಗಿದೆ. ಹಸಿವು ಇದ್ದರೆ ಒಲೆ ಬೇಕು, ಒಲೆ ಇದ್ದರೆ ಹೊಗೆಗಂಡಿ ಬೇಕು. ಬಾಯಾರಿಕೆ ಇದ್ದರೆ ಬಾವಿ ಬೇಕು, ಬಾವಿಯ ಹತ್ತಿರ ಸರದಿಯ ಸಾಲು ಬೇಕು, ಸಾಲಿನಲ್ಲಿ ಜಗಳ ಬೇಕು. ಶಿಕ್ಷೆಯಿಂದ ತೊಡಗಿದ್ದರೆ ನನ್ನ ಕೈಯಲ್ಲಿ ಚಿತ್ರಹಿಂಸೆಗಳ ಪಟ್ಟಿಯೊಂದು ಮಾತ್ರ ಉಳಿಯುತ್ತಿತ್ತು.

ಅದೇ ಗ್ರಂಥ ಯಮಮಾರ್ಗದ ಉದ್ದವನ್ನು 86,000 ಯೋಜನ ಎಂದು ಹೇಳಿ, ಪ್ರೇತವು ದಿನವೊಂದಕ್ಕೆ 247 ಯೋಜನ ನಡೆಯುತ್ತದೆಂದು ಲೆಕ್ಕ ಕೊಟ್ಟು, ದಾರಿಯಲ್ಲಿ ಹದಿನಾರು ಪಟ್ಟಣಗಳನ್ನು ಹೆಸರಿಸುತ್ತದೆ. ಮೊದಲನೆಯದಾದ ಸೌಮ್ಯಪುರದಲ್ಲಿ ಪುಷ್ಪಭದ್ರಾ ಎಂಬ ನದಿಯೂ ಪ್ರಿಯದರ್ಶನ ಎಂಬ ಆಲದ ಮರವೂ ಇವೆ. ಧರ್ಮರಾಜನ ಪಟ್ಟಣದಲ್ಲಿಯಂತೂ ಚಿತ್ರಗುಪ್ತನ ಮನೆಯ ಸುತ್ತ ರೋಗಗಳಿಗೇ ಮನೆಗಳನ್ನು ಹಂಚಿಕೊಡಲಾಗಿದೆ; ಪೂರ್ವದಿಕ್ಕಿನಲ್ಲಿ ಜ್ವರದ ಮನೆ. ಇಷ್ಟು ನಿಖರವಾದ ವಠಾರದ ನಕ್ಷೆ ನಮ್ಮ ಕೈಯಲ್ಲಿರುವಾಗ ನಮ್ಮ ಫ್ಯಾಂಟಸಿ ಬರಹಗಾರರು ಬೇರೆ ಭಾಷೆಗಳ ಕಥೆಗಳಿಂದ ಗಂಧಕದ ಸರೋವರಗಳನ್ನು ಎರವಲು ತರುವುದು ನನಗೆ ನಿಜಕ್ಕೂ ನೋವಿನ ವಿಷಯ.

ಆಳದ ಪದರಗಳಿಗೆ ಜೈನರ ಲೋಕವರ್ಣನೆಯನ್ನು ಆಧಾರವಾಗಿ ಇಟ್ಟುಕೊಂಡೆ. ರಾಷ್ಟ್ರಕೂಟರ ರಾಜಧಾನಿಯೂ ಜೈನರ ನೆಲೆಯೂ ಆಗಿದ್ದ ಮಾನ್ಯಖೇಟ, ಅಂದರೆ ಕಾಗಿಣಾ ನದಿಯ ದಂಡೆಯ ಇಂದಿನ ಮಳಖೇಡ, ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯಲ್ಲೇ ಇದೆ. ಆ ಪರಂಪರೆಯನ್ನು ಬಿಟ್ಟು ಈ ಭಾಗದಲ್ಲಿ ನರಕವನ್ನು ಕಲ್ಪಿಸುವುದು ಸರಿಯೆನಿಸಲಿಲ್ಲ. ರತ್ನಪ್ರಭೆಯಿಂದ ಮಹಾತಮಃಪ್ರಭೆಯವರೆಗೆ ಏಳು ಭೂಮಿಗಳು, ಅವುಗಳಲ್ಲಿ ಒಟ್ಟು 84 ಲಕ್ಷ ಬಿಲಗಳು. ಮೊದಲ ಭೂಮಿಯಲ್ಲಿ 30 ಲಕ್ಷ, ಏಳನೆಯದರಲ್ಲಿ ಐದೇ ಐದು. ಮೇಲಿನ ಭೂಮಿಗಳು ಬಿಸಿ, ಕೆಳಗಿನವು ಚಳಿ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ತೀರ್ಪು ಕೊಡುವ ಯಮನಿಲ್ಲ. ಹಳೆಯ ವೈರಗಳನ್ನು ನೆನಪಿಗೆ ತಂದುಕೊಂಡ ಜೀವಿಗಳೇ ಒಬ್ಬರನ್ನೊಬ್ಬರು ಪೀಡಿಸುತ್ತವೆ. ಮೇಲಿನ ಮೂರು ಭೂಮಿಗಳಲ್ಲಿ ಅವರನ್ನು ಕೆರಳಿಸಲು ಅಸುರರೂ ಇರುತ್ತಾರೆ. ನನ್ನ ಕಾದಂಬರಿಯಲ್ಲಿ ಈ ಎರಡು ವ್ಯವಸ್ಥೆಗಳು ಒಂದರ ಕೆಳಗೊಂದು ಇವೆ: ಮೇಲೆ ದಫ್ತರ, ದೂತರು, ಪಾಳಿ, ಲೆಕ್ಕಪುಸ್ತಕ; ಕೆಳಗೆ ಯಾರ ಆಳ್ವಿಕೆಯೂ ಇಲ್ಲದ ಬಿಲಗಳು. ಕೆಳಪೇಟೆಯವರಿಗೆ ದೂತರ ಭಯಕ್ಕಿಂತ ದೂತರಿಲ್ಲದ ಆ ಆಳದ ಭಯ ಹೆಚ್ಚು.

ಇನ್ನು ಕೆಲಸದ ವಿಷಯ. ತಳಕ್ಕೆ 4 ಅಡಿ ಉದ್ದ, 3 ಅಡಿ ಅಗಲದ 18 ಮಿಲಿಮೀಟರ್ ಪ್ಲೈವುಡ್ ತೆಗೆದುಕೊಂಡು, ತೇವ ಏರದಂತೆ ಎರಡೂ ಬದಿಗೆ ಬಣ್ಣ ಹೊಡೆದೆ. ಪ್ರಮಾಣ 1:500. ಹಾಗಾಗಿ ಐದು ಇಂಚು ದಪ್ಪದ ಪದರ ಸುಮಾರು 63 ಮೀಟರ್ ಆಳದ ನೆಲವನ್ನು ಪ್ರತಿನಿಧಿಸುತ್ತದೆ. ನೆಲದ ರಚನೆಯನ್ನು ಬೀದರಿನಿಂದಲೇ ತೆಗೆದುಕೊಂಡೆ. ನಮ್ಮ ಊರು ನಿಂತಿರುವುದು ಕೆಂಪುಕಲ್ಲಿನ ಪ್ರಸ್ಥಭೂಮಿಯ ಮೇಲೆ. ರಂಧ್ರಗಳಿಂದ ತುಂಬಿದ ಆ ಕಲ್ಲು ಮಳೆನೀರನ್ನು ಹೀರಿ ಕೆಳಗೆ ಬಿಡುತ್ತದೆ. ಅದರ ಅಡಿಯಲ್ಲಿರುವ ಕರಿಕಲ್ಲು ಆ ನೀರನ್ನು ತಡೆದು ನಿಲ್ಲಿಸುತ್ತದೆ. ಎರಡೂ ಕೂಡುವ ಮಟ್ಟದಲ್ಲಿ ಇಳಿಜಾರಾಗಿ ಸುರಂಗ ಕೊರೆದು, ಗಾಳಿಗೂ ಮಣ್ಣೆತ್ತುವುದಕ್ಕೂ ಮೇಲಿನಿಂದ ಸಾಲಾಗಿ ಬಾವಿಗಳನ್ನು ಇಳಿಸಿ, ಯಾವ ಏತವೂ ಇಲ್ಲದೆ ನೀರನ್ನು ತಾನಾಗಿ ಹರಿದುಬರುವಂತೆ ಮಾಡಿದ ವ್ಯವಸ್ಥೆಯೇ ನೌಬಾದಿನ ಕರೇಜ್. ಪರ್ಷಿಯಾದ ಆ ವಿದ್ಯೆ ಬಹಮನಿಗಳ ಕಾಲದಲ್ಲಿ ಇಲ್ಲಿಗೆ ಬಂದಿತು. ಸೂರ್ಯನಿಲ್ಲದ, ಮೋಡವಿಲ್ಲದ ಊರಿಗೆ ನೀರು ತರಲು ಇದಕ್ಕಿಂತ ಸೂಕ್ತವಾದ ಉಪಾಯ ನನಗೆ ಹೊಳೆಯಲಿಲ್ಲ.

ಕರಿಕಲ್ಲಿನ ಪದರಕ್ಕೆ ಸಿಮೆಂಟಿನಲ್ಲಿ ಕಪ್ಪು ಆಕ್ಸೈಡ್ ಬೆರೆಸಿ ಎರಕ ಹೊಯ್ದೆ. ನಿಜವಾದ ಕರೇಜುಗಳಲ್ಲಿ ಇಳಿಜಾರು ಬಹಳ ಕಡಿಮೆ, ಸಾವಿರಕ್ಕೆ ಒಂದರ ಆಸುಪಾಸು. ಮಾದರಿಯಲ್ಲಿ ಅದನ್ನೇ ಪಾಲಿಸಿದರೆ ಇಡೀ ಉದ್ದಕ್ಕೆ ಸುಮಾರು ಒಂದೂಕಾಲು ಮಿಲಿಮೀಟರ್ ಇಳಿತ ಮಾತ್ರ ಸಿಗುತ್ತದೆ, ಅದು ಎರಕದ ಒರಟುತನದಲ್ಲೇ ಮುಳುಗಿಹೋಗುತ್ತದೆ. ಆದ್ದರಿಂದ ಐವತ್ತಕ್ಕೆ ಒಂದು ಎಂದು ಇಟ್ಟು, ಒಂದು ತುದಿಯಿಂದ ಇನ್ನೊಂದು ತುದಿಗೆ 24 ಮಿಲಿಮೀಟರ್ ಇಳಿಸಿದೆ. ಅರ್ಧ ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಬೆನ್ನಿನ ಮೇಲೆ ಸಣ್ಣ ರಂಧ್ರಗಳನ್ನು ಕೊರೆದು, ಎರಕದ ಮೇಲೆ ಬೋರಲಾಗಿ ಕೂಡಿಸಿದೆ. ಇಳಿಜಾರಿನಂತೆ ಸುರಂಗದ ಅಗಲವೂ ಪ್ರಮಾಣಕ್ಕೆ ಒಪ್ಪುವುದಿಲ್ಲ. ಅದನ್ನು ತಿಳಿದೇ ಬಿಟ್ಟಿದ್ದೇನೆ. ಅದರ ಮೇಲೆ ಪುಡಿಮಾಡಿದ ಕೆಂಪುಕಲ್ಲನ್ನು ಆರು ಪಾಲಿಗೆ ಒಂದು ಪಾಲು ಅರಳಿದ ಸುಣ್ಣದೊಂದಿಗೆ ಕಲೆಸಿ ತುಂಬಿದೆ. ಸುಣ್ಣ ಹೆಚ್ಚಾದರೆ ರಂಧ್ರಗಳು ಮುಚ್ಚುತ್ತವೆ, ಕಡಿಮೆಯಾದರೆ ಬಾವಿಗಳ ಗೋಡೆ ಕುಸಿಯುತ್ತದೆ.

ಪದರ ಒಣಗಿದ ಮೇಲೆ ಮೇಲಿನ ತುದಿಯಲ್ಲಿ ನೀರು ಸುರಿದು ನೋಡಿದಾಗ, ಅದು ತಡವಾಗಿ ಬಂದಿತು. ಬಂದದ್ದು ಸುರಿಯುವುದನ್ನು ನಿಲ್ಲಿಸಿದ ಮೇಲೂ ಬಹಳ ಹೊತ್ತು ತೊಟ್ಟಿಕ್ಕುತ್ತಲೇ ಇತ್ತು. ಈ ತಡವೇ ಕಾದಂಬರಿಗೆ ಕಾಲಮಾನವನ್ನು ಕೊಟ್ಟಿತು. ಹದಿನಾರು ಪಟ್ಟಣಗಳಲ್ಲಿ ಪಯೋವರ್ಷಣ ಎಂಬುದೊಂದು, ಮಳೆ ಸುರಿಯುವ ಊರು. ಅಲ್ಲಿ ಸುರಿದ ಮಳೆ ಕೆಳಪೇಟೆಯ ಬಾವಿಗೆ ಇಳಿಯಲು ಹಿಡಿಯುವ ಅವಧಿಯನ್ನೇ ಅಲ್ಲಿನವರು ವರ್ಷವೆಂದು ಎಣಿಸುತ್ತಾರೆ. ಬಾವಿಯ ನೀರು ಏರಿದರೆ ಹೊಸ ವರ್ಷ.

ಈ ಹಂತದಲ್ಲಿ ಬೀದರಿನ ಝರಣಿ ನರಸಿಂಹನ ಗುಹೆಯನ್ನು ನೆನೆಯದೆ ಮುಂದೆ ಹೋಗಲಾರೆ. ಕೆಂಪುಕಲ್ಲಿನ ಸುರಂಗದಲ್ಲಿ, ತಲೆಯ ಮೇಲೆ ಬಾವಲಿಗಳು ತೂಗುತ್ತಿರಲು, ಎದೆಮಟ್ಟದ ನೀರಿನಲ್ಲಿ ನಡೆದು ದೇವರನ್ನು ಕಾಣಬೇಕು. ನರಸಿಂಹನಿಂದ ಹತನಾದ ಝರಾಸುರನು ತಾನಿದ್ದ ಗುಹೆಯಲ್ಲೇ ದೇವರು ನೆಲೆಸಬೇಕೆಂದು ಬೇಡಿಕೊಂಡು, ತಾನು ನೀರಾಗಿ ಆತನ ಪಾದದ ಬಳಿ ಹರಿಯುತ್ತಿದ್ದಾನೆ ಎಂಬುದು ಸ್ಥಳದ ಐತಿಹ್ಯ. ಸತ್ತ ಅಸುರನೊಬ್ಬ ಊರಿಗೆ ನೀರಾಗಿ ಉಳಿಯುವ ಈ ಕಲ್ಪನೆ ನನ್ನ ಇಡೀ ಪುಸ್ತಕಕ್ಕಿಂತ ದೊಡ್ಡದು. ಅದನ್ನು ನಕಲು ಮಾಡಲು ನನಗೆ ಮನಸ್ಸಾಗಲಿಲ್ಲ. ಕೆಳಪೇಟೆಯ ಜನರು ನೀರು ಸೇದುವಾಗ ಹಗ್ಗಕ್ಕೆ ಕೈಮುಗಿಯುತ್ತಾರೆ ಎಂಬ ಒಂದು ರೂಢಿಯನ್ನು ಮಾತ್ರ ಅದರ ಗೌರವಕ್ಕಾಗಿ ಇಟ್ಟುಕೊಂಡಿದ್ದೇನೆ.

ನೀರಿನ ನಂತರ ಉದ್ಯೋಗ. ಭಾಗವತದ ಐದನೆಯ ಸ್ಕಂಧದಲ್ಲಿ ಬರುವ 28 ನರಕಗಳಲ್ಲಿ ಕ್ಷಾರಕರ್ದಮವೂ ಒಂದು. ಸುಡುವ ಕ್ಷಾರದ ಕೆಸರು. ಶಹಾಬಾದಿನ ಸುಣ್ಣಕಲ್ಲಿನ ಹಾಸುಗಲ್ಲುಗಳ ಮೇಲೆ ನಡೆದಾಡಿ ಬೆಳೆದ ಈ ಭಾಗದ ಯಾರಿಗಾದರೂ ಆ ಹೆಸರು ಸುಣ್ಣದ ಗುಂಡಿಯನ್ನೇ ನೆನಪಿಸುತ್ತದೆ. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿಗೆ ಕಾಯಿಸಿದರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ, ಶುದ್ಧ ಕಲ್ಲಾದರೆ 100 ಕಿಲೋಗೆ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕುದಿದು, ಸಿಡಿದು, ಅರಳುತ್ತದೆ. ಆದ್ದರಿಂದ ನನ್ನ ಕ್ಷಾರಕರ್ದಮ ಕೆಳಪೇಟೆಯ ಸುಣ್ಣದ ಕಾರ್ಖಾನೆ. ಅಪರಾಧಿಗಳು ಅದರಲ್ಲಿ ಇಳಿಯುತ್ತಾರೆ, ಸುಡುತ್ತಾರೆ. ಯಾತನಾದೇಹವಾದ್ದರಿಂದ ನಾಶವಾಗದೆ ಮತ್ತೆ ಕೂಡಿಕೊಂಡು ಮೇಲೇರುತ್ತಾರೆ. ಅವರು ತುಳಿದು ಹದಗೊಳಿಸಿದ ಸುಣ್ಣದಿಂದಲೇ ಅವರ ಮನೆಗಳ ಗೋಡೆಗಳು ನಿಂತಿವೆ. ಮಾದರಿಯ ಸುಣ್ಣವನ್ನು ನಾನೇ ಅರಳಿಸಿದೆ: ಕಬ್ಬಿಣದ ಬಾನಿಯಲ್ಲಿ ಮೊದಲು ನೀರು ತುಂಬಿ, ಸುಟ್ಟ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ಹೋಗಬೇಕು, ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಕಡ್ಡಾಯ. ಪ್ಲಾಸ್ಟಿಕ್ ಬಕೆಟ್ ಆ ಬಿಸಿಗೆ ಮೆತ್ತಗಾಗುತ್ತದೆ.

ಸುಣ್ಣದ ಭಟ್ಟಿಯ ಜಾಗ ನಿರ್ಧರಿಸುವುದು ಊರಿನ ನಕ್ಷೆಯಲ್ಲಿ ಬಹಳ ಕಷ್ಟದ ಭಾಗವಾಗಿತ್ತು. ಭಟ್ಟಿಯಿಂದ ಹೊರಡುವ ಅನಿಲ ತಣ್ಣಗಾದ ಮೇಲೆ ಗಾಳಿಗಿಂತ ಭಾರವಾಗಿ ತಗ್ಗಿನಲ್ಲಿ ನಿಲ್ಲುತ್ತದೆ. ನಮ್ಮ ಕಡೆಯ ಹಗೇವುಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜೋಳ ತುಂಬಿಟ್ಟ ನೆಲದೊಳಗಿನ ಕಣಜದ ಬಾಯಿ ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ, ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಾನೆ. ಹಾಗಾಗಿ ಭಟ್ಟಿಗಳನ್ನು ಊರಿನ ತೀರ ತಗ್ಗಾದ ದಕ್ಷಿಣದ ಅಂಚಿಗೆ ಇಟ್ಟು, ಮನೆಗಳನ್ನು ಮೆಟ್ಟಿಲುಗಳಂತೆ ಮೇಲಕ್ಕೆ ಏರಿಸಿದೆ. ಕೆಳಗಿನ ಸಾಲಿನವರು ಪ್ರತಿ ಪಾಳಿಗೂ ಮನೆಯ ಹೊಸ್ತಿಲಲ್ಲಿ ದೀಪವಿಟ್ಟು ಪರೀಕ್ಷಿಸುತ್ತಾರೆ. ಸತ್ತವರು ಉಸಿರುಕಟ್ಟಿ ಮತ್ತೆ ಸಾಯುವುದಿಲ್ಲ. ದೀಪ ಆರಿದ ಮನೆಯಲ್ಲಿ ಅವರು ಎಚ್ಚರವಾಗಿಯೇ ಉಸಿರಿಗಾಗಿ ಒದ್ದಾಡುತ್ತಾರೆ. ಇದನ್ನು ಯಾವ ದೂತನೂ ವಿಧಿಸಿಲ್ಲ, ಬಾಡಿಗೆ ಕಡಿಮೆಯೆಂದು ಆ ಸಾಲಿನಲ್ಲಿ ಇರುವುದರ ಫಲ. ನನ್ನ ಪುಸ್ತಕದಲ್ಲಿ ಓದುಗರು ಹೆದರಬೇಕಾದದ್ದು ಇಂಥ ಜಾಗಗಳಲ್ಲಿ ಎಂದು ಬಲವಾಗಿ ನಂಬಿದ್ದೇನೆ. ಬೆಳಕಿಗಾಗಿ ಭಟ್ಟಿಗಳೊಳಗೆ ಕಿತ್ತಳೆ ಬಣ್ಣದ ಸಣ್ಣ ಎಲ್‌ಇಡಿಗಳನ್ನು ಕೂಡಿಸಿ, ತೆಳುಕಾಗದ ಮುಚ್ಚಿದ್ದೇನೆ. ಊರಿಗೆ ಬೇರೆ ಬೆಳಕಿಲ್ಲ.

ಮರಗಳು ಬೇಗ ಮುಗಿದವು. ವಜ್ರಕಂಟಕ ಶಾಲ್ಮಲಿ ಎಂಬ ನರಕದ ಮುಳ್ಳುಮರ ನಮ್ಮ ಬೂರುಗವೇ. ಅದರ ಎಳೆಯ ಕಾಂಡದ ತುಂಬ ಮುಳ್ಳು, ಕಾಯೊಳಗೆ ದಿಂಬಿಗೆ ತುಂಬುವ ಅರಳೆ. ಪಾಪಿಗಳನ್ನು ಎಳೆದಾಡುವ ಆ ಮರದಿಂದಲೇ ಕೆಳಪೇಟೆಯ ದಿಂಬುಗಳು ತಯಾರಾಗುತ್ತವೆ. ಕತ್ತಿಯೆಲೆಗಳ ಅಸಿಪತ್ರವನದಲ್ಲಿ ಕತ್ತಾಳೆಯ ನಾರು ತೆಗೆಯುವಂತೆ ನಾರು ತೆಗೆದು ಬಾವಿಯ ಹಗ್ಗ ಹೊಸೆಯುತ್ತಾರೆ. ಮಾದರಿಗೆ ತಾಮ್ರದ ತಂತಿಯನ್ನು ತಿರುಚಿ ಕಾಂಡ ಮಾಡಿ, ತೆಳು ತಗಡಿನ ಎಲೆಗಳನ್ನು ಬೆಸೆದೆ.

ಊಟದ ವ್ಯವಸ್ಥೆಗೆ ಬಂದಾಗ ಊರು ನಿಜವಾಗಿ ಕ್ರೂರವಾಯಿತು. ಬಿಸಿಲಿಲ್ಲದೆ ಜೋಳವಿಲ್ಲ, ತೊಗರಿಯಿಲ್ಲ. ಅಣಬೆ ಬೆಳೆಯಬಹುದು, ಅದರಿಂದ ಒಂದು ಊರಿನ ಹೊಟ್ಟೆ ತುಂಬದು. ಉಳಿದದ್ದು ಮೇಲಿನ ಲೋಕದಿಂದ ಬರುವ ಪಿಂಡ: ಅಕ್ಕಿ, ಎಳ್ಳು, ನೀರು. ತಿಂಗಳು ತಿಂಗಳಿನ ಶ್ರಾದ್ಧದ ಅನ್ನವನ್ನು ಪ್ರೇತವು ದಾರಿಯ ಪಟ್ಟಣಗಳಲ್ಲಿ ಉಣ್ಣುತ್ತದೆ ಎಂದು ಗ್ರಂಥ ಹೇಳುತ್ತದೆ. ಹಾಗಾದರೆ ನೆನೆಯುವವರಿಲ್ಲದವರ ಗತಿಯೇನು? ಮಕ್ಕಳಿಲ್ಲದವರು, ಬರಗಾಲದಲ್ಲಿ ಊರಿಗೆ ಊರೇ ಅಳಿದವರು, ದಾರಿಯಲ್ಲಿ ಹೆಸರಿಲ್ಲದೆ ಸತ್ತವರು, ಮೊಮ್ಮಕ್ಕಳ ಕಾಲಕ್ಕೆ ಮರೆತುಹೋದವರು. ಕೆಳಪೇಟೆಯಲ್ಲಿ ಇವರೇ ಹೆಚ್ಚು. ಪಿಂಡ ಬರುವ ಮನೆಯವರು ಸಾಹುಕಾರರು, ಬಾರದವರು ಅವರ ಮನೆಯ ಆಳುಗಳು. ಒಂದು ಹಿಡಿ ಎಳ್ಳಿಗೆ ಒಂದು ಪಾಳಿ ಸುಣ್ಣದ ಗುಂಡಿ. ಭೂಲೋಕದಲ್ಲಿ ಮಹಾಪಾಪ ಮಾಡಿದ ಶ್ರೀಮಂತನಿಗೆ ತಲೆಮಾರುಗಳ ತನಕ ಶ್ರಾದ್ಧ ನಡೆದರೆ ಅವನು ಇಲ್ಲಿಯೂ ಶ್ರೀಮಂತ. ಸಣ್ಣ ತಪ್ಪಿಗೆ ಬಂದ ಅನಾಥನು ಅವನ ಪಾಲಿನ ಶಿಕ್ಷೆಯನ್ನು ಕೂಲಿಗೆ ಅನುಭವಿಸುತ್ತಾನೆ. ಕಥೆಯ ಮುಖ್ಯ ವಿವಾದ ಹುಟ್ಟುವುದೇ ಇಲ್ಲಿ: ಕೂಲಿಗೆ ಅನುಭವಿಸಿದ ಶಿಕ್ಷೆಯನ್ನು ಚಿತ್ರಗುಪ್ತನ ಪುಸ್ತಕದಲ್ಲಿ ಯಾರ ಹೆಸರಿಗೆ ಬರೆಯಬೇಕು? ಎಳ್ಳು ಕೂಡಿಡುವ ಹಗೇವುಗಳನ್ನು ಮಾದರಿಯಲ್ಲಿ ಮೇಲಿನ ಸಾಲಿನ ಮನೆಗಳ ಅಂಗಳದಲ್ಲೇ ತೋಡಿ, ಮುಚ್ಚಳಗಳಿಗೆ ಹಾಸುಗಲ್ಲಿನ ತುಣುಕುಗಳನ್ನು ಕೂಡಿಸಿದೆ. ಕೆಳಗಿನ ಸಾಲಿನಲ್ಲಿ ಒಂದು ಹಗೇವೂ ಇಲ್ಲ.

ಮನೆಗಳು ಯಾರ ಸ್ವತ್ತೂ ಅಲ್ಲ. ನಮ್ಮ ಪರಂಪರೆಯ ನರಕ ಶಾಶ್ವತವಲ್ಲ, ಎಷ್ಟು ದೀರ್ಘವಾದರೂ ಅವಧಿಯಿದೆ; ಜೈನರ ಲೆಕ್ಕದಲ್ಲಿ ಮೊದಲ ಭೂಮಿಯಲ್ಲೂ ಕನಿಷ್ಠ ಆಯುಷ್ಯ 10,000 ವರ್ಷ. ಅವಧಿ ಮುಗಿದವನು ಹೊರಟುಹೋಗುತ್ತಾನೆ, ಇನ್ನೊಬ್ಬ ಬರುತ್ತಾನೆ. ಇದರಿಂದಾಗಿ ಒಂದೇ ಓಣಿಯಲ್ಲಿ ಮಾನ್ಯಖೇಟದ ಕಾಲದ ಹೆಂಗಸು, ಕಲ್ಯಾಣದ ಕಾಲದ ನೇಕಾರ, ದಖನಿ ಮಾತಾಡುವ ಬಹಮನಿ ಕಾಲದ ಗಾರೆಯವನು, ನಿನ್ನೆ ಮೊನ್ನೆ ಬಂದ ಲಾರಿ ಚಾಲಕ ನೆರೆಹೊರೆಯವರಾಗುತ್ತಾರೆ. ಸಾವಿರ ವರ್ಷಗಳ ಕನ್ನಡ ಒಂದೇ ಬಾವಿಕಟ್ಟೆಯಲ್ಲಿ ಜಗಳವಾಡುತ್ತದೆ. ಆ ಹೆಂಗಸು ಈಗಲೂ ಹಳಗನ್ನಡದ ೞಕಾರವನ್ನು ಸ್ಪಷ್ಟವಾಗಿ ಉಚ್ಚರಿಸುತ್ತಾಳೆ, ಓಣಿಯ ಮಕ್ಕಳು ಅದನ್ನು ಅವಳಿಂದ ಕಲಿತಿದ್ದಾರೆ. ಬಾಗಿಲಿನ ಫಲಕಗಳಲ್ಲೂ ಆ ಅಕ್ಷರವನ್ನು ಉಳಿಸಿದ್ದೇನೆ.

ಫಲಕಗಳಿಗೆ ಬಿದ್ರಿಯ ರೀತಿಯನ್ನು ಆರಿಸಿಕೊಂಡೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿದ ಲೋಹದಲ್ಲಿ ಬೆಳ್ಳಿಯ ಎಳೆ ಕೂಡಿಸಿ, ಕೋಟೆಯ ಬಿಸಿಲು ಮಳೆ ತಾಕದ ಮೂಲೆಗಳ ಮಣ್ಣನ್ನು ನವಸಾಗರದೊಂದಿಗೆ ಕಲೆಸಿ ಉಜ್ಜಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಿಸಿಲನ್ನೇ ಕಾಣದ ಮಣ್ಣು ಕೆಳಪೇಟೆಯಲ್ಲಿ ಬೇಕಾದಷ್ಟಿದೆ, ಮಬ್ಬಿನಲ್ಲಿ ಓದಲು ಕಪ್ಪಿನ ಮೇಲಿನ ಬೆಳ್ಳಿಗಿಂತ ಉತ್ತಮವಾದದ್ದಿಲ್ಲ. ಮನೆಯಲ್ಲಿ ಸತುವನ್ನು ಕರಗಿಸಿದರೆ ಏಳುವ ಹೊಗೆ ಜ್ವರ ತರುತ್ತದೆ, ಆ ಕೆಲಸ ಕುಶಲಕರ್ಮಿಗಳದ್ದೇ. ನಾನು ಕಪ್ಪು ಬಳಿದ ತೆಳುತಗಡಿನ ಮೇಲೆ ಬೆಳ್ಳಿಬಣ್ಣದ ತಂತಿ ಅಂಟಿಸಿ ಮಾಡಿದ್ದೇನೆ. ಎಲ್‌ಇಡಿಯ ಬೆಳಕೊಂದರಲ್ಲೇ ಕೋಣೆಯ ಆಚೆ ತುದಿಯಿಂದ ಓದಲು ಬರುತ್ತದೆ.

ಬೇಸಿಗೆ ಏರಿದ ಮೇಲೆ ಮಾದರಿ ದುರಸ್ತಿಗೆ ಬಂದಿತು. ಕೆಂಪುಕಲ್ಲಿನ ಪದರ ಒಣಗಿ ಕುಗ್ಗಿ, ಅದಕ್ಕೂ ಸಿಮೆಂಟಿನ ಎರಕಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿತ್ತು. ನೀರು ಸುರಂಗವನ್ನು ಬಿಟ್ಟು ಆ ಸಂದಿನಿಂದ ಓಡಿ, ಪಟ್ಟಣದ ಗೋಡೆಯೊಳಗೆ ಜ್ವರದ ಮನೆಗೆಂದು ಬಿಟ್ಟಿದ್ದ ಜಾಗದಲ್ಲಿ ಮೇಲೆದ್ದಿತು. ಬರಿ ಸುಣ್ಣ ನೀರಿನೊಳಗೆ ಗಟ್ಟಿಯಾಗುವುದಿಲ್ಲ. ಅದಕ್ಕೆ ನುಣ್ಣಗೆ ಅರೆದ ಇಟ್ಟಿಗೆ ಪುಡಿ, ಅಂದರೆ ಸುರ್ಕಿ ಬೆರೆಸಬೇಕು. ಬದಿಯನ್ನು ತೆರೆದು, ಧೂಳು ತೆಗೆದು, ಚೆನ್ನಾಗಿ ನೆನೆಸಿ, ಸುರ್ಕಿ ಬೆರೆತ ಸುಣ್ಣವನ್ನು ತೆಳುವಾಗಿ ಮಾಡಿಕೊಂಡು ಸೂಜಿಯಿಲ್ಲದ ಸಿರಿಂಜಿನಿಂದ ಸಂದಿಗೆ ತುಂಬಿದೆ. ಮೇಲೆ ಒದ್ದೆ ಗೋಣಿತಟ್ಟು ಹೊದಿಸಿ, ಅದು ಒಣಗದಂತೆ ನೋಡಿಕೊಂಡೆ. ಈಗ ನೀರು ಸುರಂಗದ ಬಾಯಿಯಲ್ಲೇ ಬೀಳುತ್ತಿದೆ.

ಆ ಸೋರಿಕೆಯನ್ನು ಕಥೆಯೊಳಗೆ ಹಾಗೆಯೇ ಇಟ್ಟುಕೊಂಡೆ. ಕೆಳಪೇಟೆಯ ಬಾವಿ ಬತ್ತುತ್ತದೆ, ನೀರು ಜ್ವರದ ಮನೆಯಲ್ಲಿ ಏಳುತ್ತಿದೆಯೆಂದು ತಿಳಿಯುತ್ತದೆ. ಸುರಂಗದ ದಾರಿ ಬಲ್ಲವಳು ಮಾನ್ಯಖೇಟದ ಹೆಂಗಸು, ಸುರ್ಕಿಯ ಹದ ಬಲ್ಲವನು ಬಹಮನಿ ಕಾಲದ ಗಾರೆಯವನು. ಒಬ್ಬರ ಮಾತು ಒಬ್ಬರಿಗೆ ಅರ್ಧವೂ ತಿಳಿಯದು. ಅವರಿಬ್ಬರನ್ನು ಒಟ್ಟಿಗೆ ಸುರಂಗಕ್ಕೆ ಇಳಿಸುವ ಅಧ್ಯಾಯವನ್ನು ಈಗ ಬರೆಯುತ್ತಿದ್ದೇನೆ.

ಮಾದರಿಯಲ್ಲಿ ಬಾಕಿ ಉಳಿದಿರುವುದು ವೈತರಣಿ. ಬಳಸಿದ ನೀರು, ಸುಣ್ಣದ ಗುಂಡಿಯ ತೊಳೆ, ಅಡುಗೆಮನೆಗಳ ಗಂಜಿ ಎಲ್ಲವೂ ಊರಿನ ತಗ್ಗಿನಲ್ಲಿ ಸೇರಿ ಆ ನದಿಯಾಗಬೇಕು. ಗ್ರಂಥಗಳು ಹೇಳುವ ಅದರ ದುರ್ಗಂಧಕ್ಕೆ ಊರೇ ಕಾರಣವಾಗಬೇಕು. ಅದಕ್ಕಾಗಿ ದಕ್ಷಿಣದ ಅಂಚಿನಲ್ಲಿ ಎರಡು ಇಂಚು ಅಗಲದ ಕಾಲುವೆ ಕೊರೆದು, ಭಟ್ಟಿಗಳ ಮಟ್ಟಕ್ಕಿಂತ 15 ಮಿಲಿಮೀಟರ್ ಕೆಳಗೆ ತಳ ಇಟ್ಟಿದ್ದೇನೆ. ಒಳಮೈಗೆ ಸುರ್ಕಿ ಗಾರೆಯ ಮೊದಲ ಕೈ ಆಗಿದೆ. ಎರಡನೆಯ ಕೈ ಬಳಿದು ಅದು ಹದವಾದ ಮೇಲೆ ದೋಣಿಗಟ್ಟೆಯ ಕಂಬಗಳನ್ನು ನೆಡುತ್ತೇನೆ.